ಐದನೆಯ ಕೈ

ಡೆಲ್ಫೀನ್ ಟಾಲಿವರಳ ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಬಿಸಿ ಕಾಫಿ ಮುಟ್ಟಿದರೂ ಮಂಜುಗಡ್ಡೆ ಮುಟ್ಟಿದರೂ ಅವಕ್ಕೆ ಒಂದೇ. ಕ್ಯಾಟ್‌ಫಿಶ್ ಕಾರ್ಖಾನೆಯ ಸಾಲಿನಲ್ಲಿ ನಿಂತು ವರ್ಷಗಟ್ಟಲೆ ಮೀನಿನ ಮುಳ್ಳಿನಿಂದ ಮಾಂಸ ಬಿಡಿಸಿದ ಕೈ ಅದು. ಮೀನು ಹೊತ್ತು ತರುವ ಬೆಲ್ಟು ನಿಲ್ಲುವುದಿಲ್ಲ. ಹಾಗಾಗಿ ಕೈಯೂ ನಿಲ್ಲುವಂತಿಲ್ಲ. ನರ ಸತ್ತಿದೆ ಎಂದರು ಡಾಕ್ಟರು. ಕಾರ್ಖಾನೆಯ ನರ್ಸು ಎರಡು ಮಾತ್ರೆ ಕೊಟ್ಟು ಸಾಲಿಗೆ ವಾಪಸು ಕಳಿಸಿದಳು.

ಸಾಲಿನಲ್ಲಿ ನಿಂತವರೆಲ್ಲ ಕಪ್ಪು ಹೆಂಗಸರು. ಮೇಲಿನ ಗಾಜಿನ ಕೋಣೆಯಿಂದ ನೋಡುವವರು ಬಿಳಿಯರು. ಕಾಲಿನ ಕೆಳಗೆ ಇಡೀ ದಿನ ರಕ್ತ ಬೆರೆತ ತಣ್ಣೀರು. ರಬ್ಬರ್ ಬೂಟಿನೊಳಗೆ ಕಾಲ್ಬೆರಳುಗಳು ಬೆಳ್ಳಗೆ ಬೆಂದಂತಾಗುತ್ತಿದ್ದವು. ಕಕ್ಕಸಿಗೆ ಹೋಗಬೇಕಾದರೆ ಮೇಸ್ತ್ರಿಯನ್ನು ಕೇಳಬೇಕು. ಅವನು ತಲೆಯಾಡಿಸಿದರೆ ಹೋಗಬೇಕು. ಇಲ್ಲದಿದ್ದರೆ ತೊಡೆ ಬಿಗಿಹಿಡಿದು ಚಾಕು ಆಡಿಸುತ್ತಿರಬೇಕು.

ಆ ವರ್ಷ ರೈಲು ಹಳಿಯಾಚೆಯ ಕಪ್ಪು ಜನರ ಕೇರಿಯಲ್ಲಿದ್ದ ಮೌಂಟ್ ಆಲಿವ್ ಶಾಲೆಯ ಕಕ್ಕಸುಗಳು ಕಟ್ಟಿಕೊಂಡವು. ಮೊದಲು ಹುಡುಗಿಯರದು, ಆಮೇಲೆ ಹುಡುಗರದು. ರಿಪೇರಿಗೆ ಯಾರೂ ಬರಲಿಲ್ಲ. ಮಧ್ಯಾಹ್ನದ ತನಕ ನೀರು ಕುಡಿಯಬೇಡಿ ಎಂದು ಟೀಚರುಗಳು ಮಕ್ಕಳಿಗೆ ಹೇಳಿಕೊಟ್ಟರು. ಡೆಲ್ಫೀನಳ ಮಗಳು ಕೆಜಾಯಾ ಏಳನೇ ತರಗತಿ. ಒಂದು ದಿನ ಗಣಿತದ ಪಾಠ ನಡೆಯುವಾಗ ಅವಳು ಕೂತಲ್ಲೇ ಒದ್ದೆಯಾದಳು. ಜಾಕೆಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ಬಸ್ಸು ಹತ್ತದೆ, ಮೀನಿನ ಹೊಂಡಗಳ ಏರಿಯ ಮೇಲೆ ನಡೆದು ಮನೆಗೆ ಬಂದಳು.

ಅಮ್ಮ ಮನೆಗೆ ಬಂದಾಗ ಹುಡುಗಿ ಬಚ್ಚಲಲ್ಲಿ ಪ್ಯಾಂಟು ತಿಕ್ಕುತ್ತಿದ್ದಳು.

"ಏನಾಯ್ತೇ?"

"ಏನಿಲ್ಲ."

"ಯಾರಾದ್ರೂ ಏನಾದ್ರೂ ಮಾಡಿದ್ರಾ?"

"ಯಾರೂ ಏನೂ ಮಾಡ್ಲಿಲ್ಲಮ್ಮ. ಅದೇ ಆಗಿದ್ದು. ಯಾರೂ ಏನೂ ಮಾಡಲ್ಲ."

ಡೆಲ್ಫೀನ್ ಅವಳ ಕೈಯಿಂದ ಪ್ಯಾಂಟು ತೆಗೆದುಕೊಂಡು ತಾನೇ ತಿಕ್ಕಿದಳು. ತಾನು ಬಿಗಿಹಿಡಿದು ನಿಲ್ಲುವುದು ಸಂಬಳಕ್ಕೆ. ಈ ಹುಡುಗಿ ಯಾವ ಸಂಬಳಕ್ಕೆ?

ಶಾಲಾ ಮಂಡಳಿಯ ಸಭೆಗೆ ಅವಳು ಕೆಲಸದಿಂದ ನೇರ ಹೋದಳು. ಬಿಳಿ ಬೂಟು, ಕೂದಲಿಗೆ ಬಲೆ, ಮೈಗೆ ಮೀನಿನ ನಾತ. ಮೇಜಿನ ಹಿಂದೆ ಐವರು. ಮೂವರು ಬಿಳಿಯ ಜಮೀನ್ದಾರರು, ಅವರ ಪೈಕಿ ಹತ್ತಿ ಗಿರಣಿಯ ಹಾಲ್ಕಂಬ್ ಅಧ್ಯಕ್ಷ. ನಾಲ್ಕನೆಯವನು ಪ್ರುವಿಟ್ ಎಂಬ ಮುದುಕ, ಅವನೂ ಬಿಳಿಯ. ಹಳಿಯಾಚೆಯ ವಾರ್ಡಿಗೆ ಎದುರಾಳಿಯೇ ಇಲ್ಲದೆ ಪ್ರತಿ ಸಲ ಗೆಲ್ಲುತ್ತಿದ್ದವನು. ಐದನೆಯವರು ಏಮಸ್ ರಕರ್, ಕಪ್ಪು ಜನರ ಹೆಣಗಳನ್ನು ಸಿಂಗರಿಸಿ ಮಣ್ಣು ಮಾಡಿಸುವ ಅಂಗಡಿಯ ಮಾಲೀಕರು, ಚರ್ಚಿನ ಹಿರಿಯರು. ನಾಲ್ವರು ಬಿಳಿಯರ ಮಕ್ಕಳು ಮೊಮ್ಮಕ್ಕಳಲ್ಲಿ ಒಬ್ಬರೂ ಆ ಮಂಡಳಿಯ ಶಾಲೆಗಳಲ್ಲಿ ಓದಿದವರಲ್ಲ. ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕೂರಬೇಕು ಎಂದು ಕೋರ್ಟು ಹೇಳಿದಾಗಲೇ ಬಿಳಿಯರು ಊರಾಚೆ ತಮ್ಮದೇ ಖಾಸಗಿ ಶಾಲೆ, ಅಕಾಡೆಮಿ, ಕಟ್ಟಿಕೊಂಡಿದ್ದರು. ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿ, ಇಲ್ಲಿ ಬಂದು ಕಪ್ಪು ಮಕ್ಕಳ ಶಾಲೆ ಆಳುತ್ತಿದ್ದರು.

ಅವಳು ಮೈಕಿನ ಮುಂದೆ ನಿಂತ ಕೂಡಲೆ ಗುಮಾಸ್ತೆ ಎದ್ದು ಕಿಟಕಿ ತೆರೆದಳು.

"ಮೂರು ನಿಮಿಷ ಇದೆ ನಿಂಗೆ, ಡೆಲ್ಫೀನ್," ಎಂದ ಹಾಲ್ಕಂಬ್. ಅವಳ ಅಮ್ಮ ಅವನ ಮನೆಯ ಬಟ್ಟೆ ಇಸ್ತ್ರಿ ಮಾಡಿದವಳು. ಆ ಸಲುಗೆ.

"ಮಿಸೆಸ್ ಟಾಲಿವರ್."

"ಏನಂದೆ?"

"ನನ್ನ ಹೆಸರು. ಮಿಸೆಸ್ ಟಾಲಿವರ್."

"ಎರಡೂವರೆ ನಿಮಿಷ ಇದೆ."

ಕಕ್ಕಸಿನ ಮಾತು ಹೇಳಿದಳು. ಮಗಳ ಹೆಸರು ಹೇಳಲಿಲ್ಲ. ಒಬ್ಬ ಸದಸ್ಯ ಮೂಗಿಗೆ ಕರವಸ್ತ್ರ ಇಟ್ಟುಕೊಂಡಿದ್ದ. ಮೂರು ನಿಮಿಷದ ಗಂಟೆ ಹೊಡೆಯಿತು. ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು. "ಥ್ಯಾಂಕ್ಯೂ, ಮುಂದಿನವರು," ಎಂದ ಹಾಲ್ಕಂಬ್. ಮುಂದಿನವರು ಯಾರೂ ಇರಲಿಲ್ಲ.

ಮರುದಿನ ಸಾಲಿನಲ್ಲಿ ಅವಳು ಪಕ್ಕದ ಯೂಲಾ ಮೇಗೆ ಹೇಳಿದಳು, "ಪ್ರುವಿಟ್ ಕುರ್ಚಿಗೆ ನಾನು ನಿಲ್ತೀನಿ."

ಯೂಲಾ ಮೇ ಮೀನಿನ ಹೊಟ್ಟೆ ಸೀಳುತ್ತ ನಕ್ಕಳು. "ನಿಲ್ಲು ನಿಲ್ಲು. ನೀನು ಗೆದ್ರೆ ಈ ಮೀನಿಗೆ ಲಿಪ್‌ಸ್ಟಿಕ್ ಹಚ್ಚಿ ಚರ್ಚಿಗೆ ಕರ್ಕೊಂಡು ಹೋಗ್ತೀನಿ."

"ನಿನ್ನ ಗಂಡನಿಗಿಂತ ಚೆನ್ನಾಗೇ ಕಾಣುತ್ತೆ ಬಿಡು."

"ಕೂಗಾಡೋದಂತೂ ಇಲ್ಲ," ಎಂದಳು ಯೂಲಾ ಮೇ. ಇನ್ನೊಂದು ಮೀನು ಸೀಳಿ, ತಲೆ ಎತ್ತದೆ ಕೇಳಿದಳು, "ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ಓಟಿನ ದಿನ ಜನರನ್ನ ಕರ್ಕೊಂಡು ಬರೋಕೆ ಚರ್ಚಿನ ವ್ಯಾನು ನಾನು ಓಡಿಸ್ತೀನಿ."

ಚುನಾವಣೆಗೆ ಹೆಸರು ಕೊಟ್ಟ ಸುದ್ದಿ ಗಾಜಿನ ಕೋಣೆಗೆ ಮುಟ್ಟಿತು. ಮೇಸ್ತ್ರಿ ಅವಳನ್ನು ತಲೆ ಕತ್ತರಿಸುವ ಗರಗಸಕ್ಕೆ ಹಾಕಿದ. ಸಾಮಾನ್ಯವಾಗಿ ಗಂಡಸರು ಮಾಡುವ ಕೆಲಸ. ಬೆರಳಿನಲ್ಲಿ ಸ್ಪರ್ಶವಿಲ್ಲದವಳು, ಮತ್ತೆ ಚಾಕುವಿನ ಸಾಲಿಗೆ ಹಾಕುವ ತನಕ, ಗರಗಸದ ಹಲ್ಲಿಗೆ ಮೀನು ಒಡ್ಡುತ್ತ ಇಡೀ ಬೇಸಿಗೆ ಕಳೆದಳು. ಬೆರಳು ಇದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕಿತ್ತು.

ಸಂಜೆ ಮನೆ ಮನೆ ತಿರುಗಿದಳು. ನಾಯಿ ಅಟ್ಟಿಸಿಕೊಂಡು ಬಂತು. ಓಟು ಹಾಕಿ ಏನು ಕಿಸಿಯೋದಿದೆ ಎಂದವರಿದ್ದರು. ಜಗಲಿಯಲ್ಲಿ ಕೂತ ಮುದುಕನೊಬ್ಬ, "ಓಟು ಹಾಕ್ತೀನಿ ತಾಯಿ. ಆದ್ರೆ ಗಾಳಿ ಆ ಕಡೆಯಿಂದ ಬರ್ತಿದೆ, ಸ್ವಲ್ಪ ಈ ಕಡೆ ನಿಂತ್ಕೊ," ಎಂದ. ಅವಳಿಗೂ ನಗು ಬಂತು. ಭಾನುವಾರ ಕಾಣಿಕೆಯ ತಟ್ಟೆ ತಿರುಗಿದ ಮೇಲೆ ಪಾದ್ರಿ ಅವಳನ್ನು ಎದ್ದು ನಿಲ್ಲಿಸಿದರು. ಅವಳು ಹೇಳಿದ್ದು ಇಷ್ಟೇ: "ಶಾಲೆ ವಿಷಯಕ್ಕೆ ಕೈ ಎತ್ತೋ ಹೊತ್ತಿಗೆ ಆ ಮೇಜಿನ ಹಿಂದೆ ನಿಮ್ಮ ಒಂದು ಕೈ ಇರುತ್ತೆ. ನಾನಿದೀನಿ."

ನವೆಂಬರಿನಲ್ಲಿ ಪ್ರುವಿಟ್ ಸೋತ. ಮಾರನೆಯ ಬೆಳಿಗ್ಗೆ ಅವಳು ಕಾರ್ಖಾನೆಯೊಳಗೆ ಬಂದಾಗ ಹೆಂಗಸರು ಚಾಕುವಿನ ಹಿಡಿಯಿಂದ ಉಕ್ಕಿನ ಮೇಜು ಬಡಿದರು. ಬೆಲ್ಟಿನ ಸದ್ದು ಮುಳುಗುವ ಹಾಗೆ ಬಡಿದರು. ಗಾಜಿನ ಕೋಣೆಯಲ್ಲಿ ಮೇಸ್ತ್ರಿ ಬಾಯಿ ಆಡಿಸುತ್ತಿದ್ದ. ಏನೂ ಕೇಳುತ್ತಿರಲಿಲ್ಲ.

ಮೊದಲ ಸಭೆಗೆ ಒಂದು ಗಂಟೆ ಮುಂಚೆ ಬರಲು ಹೇಳಿಕಳಿಸಿದರು. ಸಭಾಂಗಣದ ಹಿಂದೆ ಶಾಲೆಗಳ ಮೇಲಧಿಕಾರಿ ಸೂಪರಿಂಟೆಂಡೆಂಟರ ಕೋಣೆ. ಕಾಫಿ, ಪೀಕನ್ ಬೀಜ ತುಂಬಿ ಬೇಯಿಸಿದ ಸಿಹಿ ಪೈ, ಚರ್ಮದ ಕುರ್ಚಿಗಳು. ಅಲ್ಲಿ ಜಗಳವಾಡುತ್ತಿದ್ದರು, ಬೈಯುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು. ಎಲ್ಲ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಸಭಾಂಗಣಕ್ಕೆ ಬಂದು ಜನರ ಮುಂದೆ ಐದು ಕೈಗಳನ್ನು ಒಟ್ಟಿಗೆ ಎತ್ತುತ್ತಿದ್ದರು. ಕಾನೂನಿನ ಪ್ರಕಾರ ಸಭೆ ಜನರ ಮುಂದೆಯೇ ನಡೆಯಬೇಕು. ಆದರೆ ಒಳಕೋಣೆಯದು ಸಭೆಯಲ್ಲವಂತೆ. ಪೈ ತಿನ್ನುವುದಂತೆ.

ರಕರ್ ಅವಳಿಗೆ ಬುದ್ಧಿ ಹೇಳಿದರು. "ಸಿಸ್ಟರ್ ಟಾಲಿವರ್, ನೋಡಿ. ಒಳಗೆ ಏನು ಬೇಕಾದ್ರೂ ಅನ್ನಿ. ಹೊರಗೆ ಮಾತ್ರ ಎಲ್ಲರದೂ ಒಂದೇ ಕೈ. ಒಳಗಿನ ಮಾತು ಹೊರಗೆ ಹೋಗಬಾರದು. ನಾನು ಇಷ್ಟು ವರ್ಷದಿಂದ ಹಾಗೇ ಬಾಳಿದೀನಿ."

"ಹಾಗೆ ಬಾಳಿ ನಮ್ಮ ಶಾಲೆಗೆ ಏನು ತಂದ್ರಿ, ಬ್ರದರ್ ರಕರ್?"

"ಇನ್ನೂ ತೆರೆದಿದೆಯಲ್ಲ," ಎಂದರು ಅವರು.

ಆ ದಿನ ಒಳಗೆ ಹಾಲ್ಕಂಬ್ ಸೂಪರಿಂಟೆಂಡೆಂಟರ ಸಂಬಳ ಹೆಚ್ಚಿಸುವ ಮಾತೆತ್ತಿದ. ಡೆಲ್ಫೀನ್ ಕಕ್ಕಸಿನ ಮಾತೆತ್ತಿದಳು. ಅವನು ಅವಳ ತಟ್ಟೆಗೆ ತಾನೇ ಒಂದು ತುಂಡು ಪೈ ಹಾಕಿದ. "ನಿನ್ನ ಕೈ ಕೊಡು. ನಿನ್ನ ಕಕ್ಕಸು ತಗೋ." ಹೊರಗೆ ಬಂದು ಅವಳು ಕೈ ಎತ್ತಿದಳು. ವಾರದೊಳಗೆ ಕೊಳಾಯಿಯವರು ಬಂದರು. ಹುಡುಗಿಯರ ಕಕ್ಕಸಿಗೆ ಹೊಸ ಬಾಗಿಲು, ಬಾಗಿಲಿಗೆ ಚಿಲಕ. ಕೆಜಾಯಾ ಮನೆಗೆ ಬಂದು ಹೇಳಿದಳು, "ಅಮ್ಮ, ಚಿಲಕ ಇದೆ!" ಕೆಲಸ ಹೀಗೆ ಆಗುತ್ತದೆ ಎಂದು ಡೆಲ್ಫೀನ್ ಅಂದುಕೊಂಡಳು. ಕಲಿತೆ ಅಂದುಕೊಂಡಳು.

ಎರಡನೇ ವರ್ಷದ ವಸಂತದಲ್ಲಿ ಹಾಲ್ಕಂಬ್ ಒಳಕೋಣೆಯಲ್ಲಿ ಮೌಂಟ್ ಆಲಿವ್ ಶಾಲೆಯ ಚಾವಣಿಯ ಮಾತು ತೆಗೆದ. ಚಾವಣಿ ಸೋರುವುದು ನಿಜ. ಮಳೆ ಬಂದರೆ ಮೂರನೇ ತರಗತಿಯವರು ಬಕೆಟ್ಟುಗಳ ನಡುವೆ ಕೂರುತ್ತಿದ್ದರು.

"ಒಂದು ವರ್ಷ ಮುಚ್ಚೋಣ. ಮಕ್ಕಳನ್ನ ಹೆದ್ದಾರಿ ಆಚೆ ದೊಡ್ಡ ಶಾಲೆಗೆ ಕಳಿಸೋಣ. ಚಾವಣಿ ಆದ್ಮೇಲೆ ವಾಪಸ್ ಕರ್ಕೊಂಡು ಬರೋಣ."

"ಮಕ್ಕಳಿರೋವಾಗ್ಲೇ ಒಂದೊಂದೇ ಕೋಣೆ ರಿಪೇರಿ ಮಾಡ್ಸಿ," ಎಂದಳು ಡೆಲ್ಫೀನ್. "ಮುಚ್ಚಿದ್ದು ಮತ್ತೆ ತೆರೆಯೋದನ್ನ ಈ ಊರಲ್ಲಿ ನಾನು ನೋಡಿಲ್ಲ."

"ನಾನು ಮಾತು ಕೊಡ್ತಿದೀನಲ್ಲ. ಒಂದೇ ವರ್ಷ."

"ಅದನ್ನ ಹೊರಗೆ ಜನರ ಮುಂದೆ ಹೇಳಿ."

"ಹೊರಗೆ ಹೇಳಿದ್ರೆ ಚರ್ಚೆ ಶುರುವಾಗುತ್ತೆ. ಒಂದು ಕೈ ಕಮ್ಮಿ ಆದ್ರೂ ರಾಜ್ಯದವರು ಫೈಲು ವಾಪಸ್ ಕಳಿಸ್ತಾರೆ. ಚಾವಣಿನೂ ಇಲ್ಲ, ಏನೂ ಇಲ್ಲ. ನಿನ್ನ ಕಕ್ಕಸು ಮಾಡಿಸ್ದೆನೋ ಇಲ್ವೋ?"

ಅವಳು ರಕರ್ ಕಡೆ ನೋಡಿದಳು. ರಕರ್ ಒಪ್ಪಿಕೊಳ್ಳಿ ಎಂಬಂತೆ ತಲೆಯಾಡಿಸಿದರು.

ಹೊರಗೆ ಮುಂದಿನ ಸಾಲಿನಲ್ಲಿ ಯೂಲಾ ಮೇ ಇದ್ದಳು. ಪಾದ್ರಿ ಇದ್ದರು. ಕಾರ್ಖಾನೆಯ ಹೆಂಗಸರು ಬೂಟಿನಲ್ಲೇ ಬಂದು ಕೂತಿದ್ದರು. ಶಾಲೆ ಮುಚ್ಚುವ ಗುಮಾನಿ ಹಬ್ಬಿತ್ತು. ಆದರೆ ಯಾರ ಮುಖದಲ್ಲೂ ಹೆದರಿಕೆಯಿರಲಿಲ್ಲ. ಮೇಜಿನ ಹಿಂದೆ ಅವರದೊಂದು ಕೈ ಇತ್ತಲ್ಲ.

ಹಾಲ್ಕಂಬ್ ಗೊತ್ತುವಳಿ ಓದಿದ. ಒಂದು ವರ್ಷ ಎಂಬ ಮಾತು ಅದರಲ್ಲಿರಲಿಲ್ಲ. ನಾಲ್ಕು ಕೈ ಎದ್ದವು. ಎಲ್ಲರೂ ಐದನೆಯದರ ಕಡೆ ನೋಡಿದರು. ಡೆಲ್ಫೀನ್ ಕೈ ಎತ್ತಿದಳು.

ಯಾರೂ ಕೂಗಲಿಲ್ಲ. ಬೂಟುಗಳು ಎದ್ದು ಹೊರಗೆ ಹೋದ ಸದ್ದು ಮಾತ್ರ ಕೇಳಿತು.

ಮಾರನೆಯ ದಿನ ಸಾಲಿನಲ್ಲಿ ಯೂಲಾ ಮೇ ಅವಳ ಪಕ್ಕದಿಂದ ಎರಡು ಜಾಗ ದೂರ ಹೋಗಿ ನಿಂತಳು. ಊಟದ ಹೊತ್ತಿಗೆ ಡೆಲ್ಫೀನ್ ಅವಳ ಬಳಿ ಹೋದಳು.

"ಒಂದು ವರ್ಷ ತಾಳ್ಕೊ. ಚಾವಣಿ ಆದ್ಮೇಲೆ ಮಕ್ಕಳು ವಾಪಸ್ ಬರ್ತಾರೆ."

"ಯಾರು ಹೇಳಿದ್ದು?"

ಅವಳು ಬಾಯಿ ತೆರೆದಳು. ಒಳಗಿನ ಮಾತು ಹೊರಗೆ ಹೋಗಬಾರದು. ಹೋದರೆ ಚಾವಣಿ ಹೋಗುತ್ತದೆ. "ನಂಗೆ ಗೊತ್ತು," ಎಂದಷ್ಟೇ ಹೇಳಿದಳು.

"ಓ. ನಿಂಗೆ ಗೊತ್ತು," ಎಂದಳು ಯೂಲಾ ಮೇ. "ಈಗ ನೀನು ಗೊತ್ತಿರೋರ ಕಡೆಯವಳು." ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದಳು.

ಆಗಸ್ಟಿನಲ್ಲಿ ಮಕ್ಕಳು ಹೆದ್ದಾರಿ ಆಚೆಯ ಶಾಲೆಗೆ ಹೋದರು. ಬಸ್ಸು ಕತ್ತಲಲ್ಲೇ ಬರುತ್ತಿತ್ತು. ಐದು ಗಂಟೆಯ ಪಾಳಿಗೆ ತಾಯಂದಿರು ಹೋದ ಮೇಲೆ ಮಕ್ಕಳೇ ಎದ್ದು, ಚಿಕ್ಕವರಿಗೆ ಬಟ್ಟೆ ತೊಡಿಸಿ, ಲಾರಿಗಳು ಹಾಯುವ ರಸ್ತೆಯ ಅಂಚಿನಲ್ಲಿ ನಿಲ್ಲಬೇಕಿತ್ತು. ಅಲ್ಲಿಯ ಶಾಲೆಯಲ್ಲಿ ಬೆಂಚು ಸಾಲದೆ ಇವರನ್ನು ಅಂಗಳದಲ್ಲಿ ತಂದಿಟ್ಟ, ಡಬ್ಬಿಯಂಥ ತಗಡಿನ ಕೋಣೆಗಳಲ್ಲಿ ಕೂರಿಸಿದರು. ಹಳಿಯಾಚೆಯವರು ಎಂದು ಅಲ್ಲಿಯ ಕಪ್ಪು ಮಕ್ಕಳೂ ಆಡಿಕೊಂಡರು. ಕೆಜಾಯಾ ವಾರಕ್ಕೆ ಎರಡು ಸಲ ಬಸ್ಸು ತಪ್ಪಿಸಿಕೊಂಡಳು. ಶಾಲೆಗೆ ಬರಲಿಲ್ಲವೆಂದು ಮೂರು ದಿನ ಹೊರಗೆ ಹಾಕಿದರು. ಬಾರದೆ ಇದ್ದದ್ದಕ್ಕೆ ಶಿಕ್ಷೆ, ಬರಬೇಡ ಎನ್ನುವುದು. ಆ ಹುಡುಗಿ ಶಿಕ್ಷೆಯನ್ನು ಒಪ್ಪಿಕೊಂಡಳು. ಆಮೇಲಾಮೇಲೆ ಹೋಗಲೇ ಇಲ್ಲ.

"ನಾಳೆ ಹೋಗ್ತೀಯೋ ಇಲ್ವೋ?" ಎಂದು ಡೆಲ್ಫೀನ್ ಗದರಿದಳು.

"ನಿನ್ನ ಮಂಡಳಿಗೆ ಹೇಳು, ಬಂದು ಎಬ್ಬಿಸ್ಲಿ."

ಡೆಲ್ಫೀನ್ ಹೊಡೆಯಲು ಕೈ ಎತ್ತಿದಳು. ಹುಡುಗಿ ಕದಲಲಿಲ್ಲ. "ಎತ್ತು," ಎಂದಳು. "ಅದೇ ತಾನೇ ನಿಂಗೆ ಬರೋದು?"

ವರ್ಷ ಮುಗಿಯಿತು. ಚಾವಣಿಯ ಮೇಲೆ ಒಂದು ಏಣಿಯೂ ಏರಲಿಲ್ಲ. ಒಳಕೋಣೆಯಲ್ಲಿ ಅವಳು ಕೇಳಿದಾಗಲೆಲ್ಲ ಹಾಲ್ಕಂಬ್, "ಫೈಲು ರಾಜ್ಯದಲ್ಲಿದೆ," ಎಂದ. ಒಂದು ಸಂಜೆ ಫೈಲಿನ ಮಾತು ಬಿಟ್ಟು, "ಅಕಾಡೆಮಿಯವರು ಶಾಲೆ ಕಟ್ಟಡ ಕೊಳ್ಳೋಕೆ ಕೇಳ್ತಿದಾರೆ," ಎಂದ. ಅವರಿಗೆ ಫುಟ್‌ಬಾಲ್ ಅಭ್ಯಾಸಕ್ಕೆ ಮೈದಾನ ಸಾಲುತ್ತಿಲ್ಲವಂತೆ. ಮೌಂಟ್ ಆಲಿವ್ ಅಂಗಳ ಸಮತಟ್ಟಾಗಿದೆಯಂತೆ. ಕಟ್ಟಡ ಸಾಮಾನು ಇಡಲು ಆಗುತ್ತದಂತೆ.

ಪೈ ಅವಳ ಬಾಯಲ್ಲಿತ್ತು. ತಟ್ಟೆಗೇ ಉಗಿದಳು.

"ನೀವು ಮಾತು ಕೊಟ್ಟಿದ್ರಿ."

"ಕಾಲ ಬದಲಾಗುತ್ತೆ, ಡೆಲ್ಫೀನ್. ಮುಂದಿನ ತಿಂಗಳು ಗೊತ್ತುವಳಿ. ಎಲ್ಲರ ಕೈ ಇರಲಿ. ಮೀನಿನ ಕಾರ್ಖಾನೆಯವರು ನನ್ನ ಗೆಳೆಯರು, ನಿಂಗೊಂದು ಕೂತು ಮಾಡೋ ಕೆಲಸ ಕೊಡ್ಸೋಣ. ಆ ಕೈಗೂ ಆರಾಮ."

ಆ ತಿಂಗಳೆಲ್ಲ ಅವಳು ಆ ಕುರ್ಚಿಯ ಯೋಚನೆ ಮಾಡಿದಳು. ಮಾಡಲಿಲ್ಲ ಎಂದರೆ ಸುಳ್ಳು. ಕೂತು ಮಾಡುವ ಕೆಲಸ. ಒಣಗಿದ ಕಾಲು. ಮಣಿಕಟ್ಟು ನೋಯದೆ ಬರುವ ನಿದ್ದೆ.

ಸಭೆಯ ದಿನ ಸಭಾಂಗಣ ತುಂಬಿತ್ತು. ಹಾಲ್ಕಂಬ್ ಒಳಕೋಣೆಯ ಬಾಗಿಲಲ್ಲಿ ನಿಂತು ಕೈಬೀಸಿ ಕರೆದ. ಡೆಲ್ಫೀನ್ ಮೇಜಿನ ಹಿಂದೆ ತನ್ನ ಕುರ್ಚಿಯಲ್ಲಿ ಹೋಗಿ ಕೂತಳು.

"ಒಳಗೆ ಬಾ, ಶುರು ಮಾಡೋಣ."

"ನಾನು ಇಲ್ಲೇ ಕೂರ್ತೀನಿ. ಹೇಳೋದನ್ನ ಇಲ್ಲೇ ಹೇಳಿ."

ನಾಲ್ವರು ಒಳಗೆ ಹೋದರು. ಬಾಗಿಲು ಮುಚ್ಚಿತು. ಖಾಲಿ ಕುರ್ಚಿಗಳ ನಡುವೆ ಅವಳೊಬ್ಬಳೇ ಜನರಿಗೆ ಎದುರಾಗಿ ಕೂತಳು. ಯಾರೂ ಅವಳೊಡನೆ ಮಾತಾಡಲಿಲ್ಲ. ನಾಲ್ವರು ಹೊರಗೆ ಬರುವ ತನಕ ಅವಳು ಮುಂದಿನ ಸಾಲಿನ ಬೂಟುಗಳನ್ನು ಎಣಿಸಿದಳು.

ಗೊತ್ತುವಳಿ ಓದಿದರು. ನಾಲ್ಕು ಕೈ ಎದ್ದವು. ಹಾಲ್ಕಂಬ್ ಕಾದ.

"ಡೆಲ್ಫೀನ್. ಕೈ."

"ಇಲ್ಲ."

"ಏನಿಲ್ಲ?"

"ಕೈ ಇಲ್ಲ. ಮಾತಿದೆ." ಅವಳು ಎದ್ದು ನಿಂತಳು. "ಶಾಲೆ ಮುಚ್ಚೋಕೆ ಮುಂಚೆ ಆ ಕೋಣೆಯಲ್ಲಿ ಈ ಮನುಷ್ಯ ನಂಗೆ ಮಾತು ಕೊಟ್ಟ. ಒಂದೇ ವರ್ಷ ಅಂದ. ಚಾವಣಿ ಹಾಕಿಸ್ತೀನಿ ಅಂದ. ಹೊರಗೆ ಹೇಳ್ಬೇಡ ಅಂದ. ನಾನು ನಂಬಿದೆ. ಇವತ್ತು ಮಾರೋಕೂ ಇದೇ ಕೈ ಕೇಳ್ತಿದಾನೆ. ಬದಲಿಗೆ ನಂಗೊಂದು ಕುರ್ಚಿ ಕೊಡಿಸ್ತಾನಂತೆ."

ಸುತ್ತಿಗೆ ಬಡಿಯಿತು. "ನಿಯಮ ಮೀರಿದ ಮಾತು. ಕೂತ್ಕೋ!"

"ಬ್ರದರ್ ರಕರ್ ಅಲ್ಲೇ ಇದ್ರು. ಕೇಳಿ." ಅವಳು ಅವರತ್ತ ತಿರುಗಿದಳು. "ಒಂದೇ ವರ್ಷ ಅಂದ್ನೋ ಇಲ್ವೋ? ನಮ್ಮೋರೆಲ್ಲ ಕೂತಿದಾರೆ. ಇವರ ಅಪ್ಪ ಅಮ್ಮಂದಿರ ಹೆಣ ನೀವೇ ತೊಳೆದಿದೀರಿ. ಇವರ ಮುಖ ನೋಡಿ ಹೇಳಿ."

ರಕರ್ ತಮ್ಮ ಹ್ಯಾಟಿನ ಅಂಚನ್ನು ಸವರಿದರು. "ನಂಗೆ ನೆನಪಿಲ್ಲ, ಸಿಸ್ಟರ್," ಎಂದರು.

ಮುಂದಿನ ಸಾಲಿನಲ್ಲಿ ಯೂಲಾ ಮೇ ಎದ್ದು ನಿಂತಳು. ಅವಳ ದನಿ ಒರಟಾಗಿತ್ತು. "ಇವತ್ತು ಹೇಳ್ತಿದೀಯಲ್ಲ ಡೆಲ್ಫೀನ್. ಆವತ್ತು ನಿನ್ನ ಬಾಯಿ ಎಲ್ಲಿತ್ತು?"

"ಪೈ ತಿಂತಿತ್ತು," ಎಂದಳು ಡೆಲ್ಫೀನ್.

ಯಾರೂ ನಗಲಿಲ್ಲ. ಯೂಲಾ ಮೇ ಕೂರಲೂ ಇಲ್ಲ. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು ಎದ್ದಳು. ಸಭಾಂಗಣವೆಲ್ಲ ನಿಂತಿತು. ಬಿಳಿ ಬೂಟುಗಳು ಸಿಮೆಂಟು ನೆಲವನ್ನು ಒದೆಯತೊಡಗಿದವು. ಹಾಲ್ಕಂಬ್ ಸುತ್ತಿಗೆ ಬಡಿಯುತ್ತಲೇ ಇದ್ದ. ಗುಮಾಸ್ತೆ ಓಡಿಹೋಗಿ ಶೆರಿಫನ ಕಡೆಯ ಪೊಲೀಸನನ್ನು ಕರೆತಂದಳು. ಅವನು ಡೆಲ್ಫೀನಳ ಮೊಣಕೈ ಹಿಡಿದ.

"ಬಿಡು," ಎಂದಳು ಅವಳು. "ನಾನು ಇಲ್ಲಿಯ ಸದಸ್ಯೆ. ಮೊದಲು ನನ್ನ ಓಟು ಬರ್ಕೊಳ್ಳಲಿ."

"ಬರ್ಕೊಂಡಾಯ್ತು," ಎಂದ ಹಾಲ್ಕಂಬ್.

"ಓದಿ ಹೇಳ್ಲಿ."

ಗುಮಾಸ್ತೆ ಹಾಲ್ಕಂಬನ ಮುಖ ನೋಡಿದಳು. ಬೂಟಿನ ಸದ್ದು ನಿಂತಿತು. ಎಲ್ಲರೂ ಕಾದರು. "ಮಾರಾಟಕ್ಕೆ ಒಪ್ಪಿಗೆ, ನಾಲ್ಕು," ಎಂದು ಅವಳು ಸಣ್ಣ ದನಿಯಲ್ಲಿ ಓದಿದಳು. "ಒಪ್ಪಿಗೆ ಇಲ್ಲ, ಒಂದು. ಮಿಸೆಸ್ ಟಾಲಿವರ್."

ಆಮೇಲೆ ಡೆಲ್ಫೀನ್ ತಾನಾಗಿಯೇ ಬಾಗಿಲ ಕಡೆ ನಡೆದಳು. ಹೆಂಗಸರು ದಾರಿ ಬಿಟ್ಟರು. ಯಾರೂ ಅವಳನ್ನು ಅಪ್ಪಿಕೊಳ್ಳಲಿಲ್ಲ.

ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಅವಳನ್ನು ತಡೆದರು. ಮುಂದಿನ ಚುನಾವಣೆಯಲ್ಲಿ ಅವಳ ಕುರ್ಚಿಗೆ ರಕರ್ ಅವರ ತಂಗಿಯ ಮಗ ನಿಂತು ಗೆದ್ದ. ಮಣ್ಣು ಮಾಡಿಸಿದ್ದಕ್ಕೆ ರಕರ್ ಅವರ ಹೆಣದ ಅಂಗಡಿಯಲ್ಲಿ ಸಾಲ ಇಲ್ಲದ ಮನೆ ಹಳಿಯಾಚೆ ಎಷ್ಟಿದ್ದಾವು? ಬೇಸಿಗೆಯಲ್ಲಿ ಅಕಾಡೆಮಿಯ ಹುಡುಗರು ಮೌಂಟ್ ಆಲಿವ್ ಅಂಗಳದಲ್ಲಿ ಸುಣ್ಣದ ಗೆರೆ ಎಳೆದರು.

ಹೋದದ್ದು ಇಷ್ಟು. ಶಾಲೆ ಒಂದು. ತರಗತಿಯ ಕೋಣೆ ಒಂಬತ್ತು. ಕೆಲಸ ಹೋದ ಟೀಚರು ಏಳು, ಅಡುಗೆಯವರು ಮೂವರು, ಮೀನು ಕೊಯ್ಯುವವಳು ಒಬ್ಬಳು. ಮಂಡಳಿಯ ಕುರ್ಚಿ ಒಂದು. ಹೆದ್ದಾರಿ ಆಚೆಗೆ ಹೋದ ಮಕ್ಕಳು ನೂರ ಎಂಬತ್ತನಾಲ್ಕು. ಅವರಲ್ಲಿ ಓದು ಬಿಟ್ಟವರು ಮೂವತ್ತೊಂದು. ಕೆಜಾಯಾಳನ್ನೂ ಸೇರಿಸಿ.